ರಾಮನವಮಿಯ ದಿನ ದುಬೈ ಏರ್‌ಪೋರ್ಟಿನಲ್ಲಿ

2024ರ ಏಪ್ರಿಲ್‌ನಲ್ಲಿ ನಾನೂ ಅಮ್ಮನೂ ದುಬೈಯಲ್ಲಿ ಸಿಕ್ಕಿಹಾಕಿಕೊಂಡ ಕಥೆಯನ್ನು ನಮ್ಮ ಕಡೆಯವರು ಬಚ್ಚಲೊಲೆಯ ಬೆಂಕಿಗೆ ಕಾಲು ಚಾಚಿ ಕೂತು ಮತ್ತೆ ಮತ್ತೆ ಹೇಳಿಸಿದ್ದಾರೆ. ಅವರು ಕೇಳುವುದು ಮಳೆಯ ಕಥೆ ಅಂತ. ನಾನು ಹೇಳುವುದು ಇನ್ಶೂರೆನ್ಸಿನ ಕಥೆ. ಇನ್ಶೂರೆನ್ಸ್ ಕಂಪನಿಯೊಂದರ ಕ್ಲೇಮ್ ಸೆಕ್ಷನ್ನಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು ನಾನು. ಲಾರಿ ಗುದ್ದಿದ್ದು, ಗೋಡೌನ್ ಸುಟ್ಟಿದ್ದು, ಅಡಿಕೆ ಮೂಟೆ ನೆನೆದದ್ದು, ಇಂಥವೇ ಫೈಲುಗಳು. ಫೈಲಿನ ಆಚೆ ಕೂತವರ ಜೊತೆ ರಾತ್ರಿ ಕಳೆದದ್ದು ಮಾತ್ರ ಆ ಏರ್‌ಪೋರ್ಟಿನಲ್ಲೇ.

ತಂಗಿಗೆ ಜರ್ಮನಿಯಲ್ಲಿ ಹೆರಿಗೆಯಾಗಿತ್ತು, ಸಿಸೇರಿಯನ್. ಅಮ್ಮ ಬಾಣಂತನಕ್ಕೆ ಹೊರಟರು, ಜೊತೆಗೆ ನಾನು. ಬೆಂಗಳೂರಿನಿಂದ ದುಬೈ, ಅಲ್ಲಿಂದ ಫ್ರಾಂಕ್‌ಫರ್ಟ್. ಏಪ್ರಿಲ್ 16ರ ಮಂಗಳವಾರ ಬೆಳಿಗ್ಗೆ ದುಬೈಯಲ್ಲಿ ಇಳಿದೆವು. ಮುಂದಿನ ವಿಮಾನ ಮಧ್ಯಾಹ್ನ ಮೂರು ಗಂಟೆಗೆ. ಹೊರಗೆ ಮಳೆ ಹಿಡಿದಿತ್ತು. ಮಲೆನಾಡಿನವರಿಗೆ ಮಳೆ ಹೊಸದಲ್ಲವಲ್ಲ, ಅಮ್ಮ ಗಾಜಿನಾಚೆ ನೋಡಿ ‘ನಮ್ಮೂರ ಆಷಾಢದ ಹಾಗಿದೆ ಕಣೇ’ ಅಂದರು. ಆದರೆ ಆ ಊರಿನಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಸರಾಸರಿ 95 ಮಿಲಿಮೀಟರಿಗೂ ಕಡಿಮೆ. ಅವತ್ತು ಒಂದು ದಿನದಲ್ಲಿ 142 ಮಿಲಿಮೀಟರ್ ಸುರಿಯಿತು. ಅಲ್ ಐನ್ ಕಡೆಯ ಒಂದು ಜಾಗದಲ್ಲಿ 254. 1949ರಿಂದ ಅಲ್ಲಿ ಮಳೆಯ ಲೆಕ್ಕ ಇಡಲು ಶುರುಮಾಡಿದ ಮೇಲೆ ಅಂಥದ್ದು ಬಂದಿರಲಿಲ್ಲ. ಮೋಡ ಬಿತ್ತನೆ ಮಾಡಿ ಬರಿಸಿದ ಮಳೆ ಅಂತ ಪಕ್ಕದ ಬೆಂಚಿನಲ್ಲಿ ಮಾತು. ನನಗೆ ಆ ಮಾತು ಹಿಡಿಸಲಿಲ್ಲ. ಎರಡು ದಿನ ಮೊದಲು ಅದೇ ಮಾರುತಕ್ಕೆ ಒಮಾನಿನಲ್ಲಿ ಶಾಲೆ ಮಕ್ಕಳೂ ಸೇರಿ ಜನ ಕೊಚ್ಚಿಹೋಗಿದ್ದರು.

ಬೋರ್ಡಿನ ಮೇಲೆ ನಮ್ಮ ವಿಮಾನದ ಹೊತ್ತು ನಾಲ್ಕಾಯಿತು, ಐದೂವರೆಯಾಯಿತು, ಏಳಾಯಿತು. ರನ್‌ವೇ ಪಕ್ಕದ ನೀರಿನಲ್ಲಿ ವಿಮಾನಗಳು ದೋಣಿಯಂತೆ ಸಾಗುತ್ತಿದ್ದವು. ಸಂಜೆಗೆ ಬರುವ ವಿಮಾನಗಳನ್ನೆಲ್ಲ ಬೇರೆ ಕಡೆ ತಿರುಗಿಸಿದರು. ರಾತ್ರಿ ನಮ್ಮ ವಿಮಾನದ ಮುಂದೆ ‘ರದ್ದು’ ಅಂತ ಬಂತು. ಹಿಂದಿನ ವರ್ಷ ಸುಮಾರು 8.7 ಕೋಟಿ ಪ್ರಯಾಣಿಕರು ಹಾದುಹೋದ ನಿಲ್ದಾಣ ಅದು. ಅವರಲ್ಲಿ 1.19 ಕೋಟಿ ಮಂದಿ ಭಾರತಕ್ಕೆ ಹೋಗಿ ಬರುವ ವಿಮಾನಗಳವರು. ಅಷ್ಟು ದೊಡ್ಡ ವ್ಯವಸ್ಥೆ ಎರಡು ದಿನದಲ್ಲಿ 1,244 ವಿಮಾನಗಳನ್ನು ರದ್ದು ಮಾಡಿತು. ಕೌಂಟರ್ ಮುಂದಿನ ಸಾಲು ಎಲ್ಲಿ ಮುಗಿಯುತ್ತದೆ ಅಂತ ಕಾಣುತ್ತಿರಲಿಲ್ಲ. ಹೊರಗೆ ಹೋಗಿ ಹೋಟೆಲ್ ಹಿಡಿಯೋಣವೆಂದರೆ ನಮ್ಮ ಹತ್ತಿರ ಇದ್ದದ್ದು ಯುರೋಪಿನ ಷೆಂಗೆನ್ ವೀಸಾ. ಯುಎಇ ನೆಲದ ಮೇಲೆ ಕಾಲಿಡಲು ಆಗ ಬೇರೆ ವೀಸಾ ಬೇಕಿತ್ತು. ಕಾರ್ಪೆಟ್ಟಿನ ಮೇಲೆ ಅಮ್ಮನ ಶಾಲು ಹಾಸಿ ಮಲಗಿದೆವು.

ಮಾರನೆಯ ದಿನ, 17ನೇ ತಾರೀಖು, ರಾಮನವಮಿ. ಎಷ್ಟೋ ಜನಕ್ಕೆ ಮರೆತೇಹೋಗಿತ್ತು, ಅಮ್ಮನಿಗೆ ಮರೆಯಲಿಲ್ಲ. ಬೆಳಿಗ್ಗೆ ಮುಖ ತೊಳೆದುಕೊಂಡು ಬಂದವರೇ ‘ಒಂದು ಲೋಟ ಪಾನಕ ಆಗಬೇಕಲ್ಲ’ ಅಂದರು. ಚಹಾ ಅಂಗಡಿಯ ಹುಡುಗನನ್ನು ಕೇಳಿ ಕಂದು ಸಕ್ಕರೆಯ ಪೊಟ್ಟಣಗಳನ್ನೂ, ಗ್ರೀನ್ ಟೀಗೆ ಅಂತ ಹೆಚ್ಚಿಟ್ಟಿದ್ದ ನಿಂಬೆಯ ಬಿಲ್ಲೆಗಳನ್ನೂ ತಂದೆ. ಅಮ್ಮನ ಕೈಚೀಲದಲ್ಲಿ ಬಾಣಂತಿಗೆ ಅಂತ ಪುಡಿ ಮಾಡಿಸಿದ್ದ ಒಣಶುಂಠಿಯ ಡಬ್ಬಿಯಿತ್ತು. ಎರಡು ದೊಡ್ಡ ಬಾಟಲಿ ನೀರಿಗೆ ಅದನ್ನೆಲ್ಲ ಕದಡಿ, ಕಾಗದದ ಲೋಟಗಳಿಗೆ ಸುರಿದು, ಮನಸ್ಸಿನಲ್ಲೇ ನೈವೇದ್ಯ ಮಾಡಿ ಹಂಚಿದರು. ಬೆಲ್ಲವಿಲ್ಲ, ಏಲಕ್ಕಿಯಿಲ್ಲ. ಆದರೂ ಶುಂಠಿಯ ಖಾರ ಗಂಟಲಿಗೆ ತಾಗಿದ ಕೂಡಲೇ ಪಾನಕವೇ ಆಯಿತು. ಅದರ ಘಮಕ್ಕೋ, ‘ರಾಮನವಮಿ’ ಅಂತ ಅಮ್ಮ ಜೋರಾಗಿ ಹೇಳಿದ್ದಕ್ಕೋ, ಸುತ್ತಲಿನ ಕನ್ನಡದವರೆಲ್ಲ ಒಬ್ಬೊಬ್ಬರಾಗಿ ಬಂದು ಕೂತರು. ದಾವಣಗೆರೆಯ ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು, ಆಮ್‌ಸ್ಟರ್‌ಡ್ಯಾಮಿನಲ್ಲಿರುವ ಮಗನ ಮನೆಗೆ ಹೊರಟವರು. ಮಂಗಳೂರಿನ ಗಂಡ ಹೆಂಡತಿ. ಹುಬ್ಬಳ್ಳಿಯ ಒಬ್ಬ ಸಾಫ್ಟ್‌ವೇರ್ ಹುಡುಗ.

ಮಾತು ಊಟದ ಖರ್ಚಿಗೆ ಬಂತು. ಅಲ್ಲಿಂದ ಇನ್ಶೂರೆನ್ಸಿಗೆ. ನಾನು ಆ ಕೆಲಸದಲ್ಲಿದ್ದವಳು ಅಂತ ಅಮ್ಮ ಹೇಳಿಬಿಟ್ಟರು. ಮೇಷ್ಟ್ರು ಪ್ಲಾಸ್ಟಿಕ್ ಕವರಿನಿಂದ ಮಡಿಸಿಟ್ಟ ಕಾಗದ ತೆಗೆದು ನನ್ನ ಕೈಗಿಟ್ಟರು. ‘ನೋಡಮ್ಮ, 30 ಸಾವಿರ ಯೂರೋ ಅಂತ ಐತಲ್ಲ. ಅದರಾಗೆ ಒಂದು ರೂಮು, ಎರಡು ಊಟ ಬರಲ್ವ?’

ಎರಡು ಸಲ ಓದಿದೆ. ಆ ಪಾಲಿಸಿಯಲ್ಲಿ ವಿಮಾನ ತಡವಾಗುವ ಮಾತೇ ಇರಲಿಲ್ಲ. ಷೆಂಗೆನ್ ವೀಸಾಕ್ಕೆ ನಿಯಮ ಕೇಳುವುದು ಇಷ್ಟೇ: ಕಾಯಿಲೆ ಬಿದ್ದರೆ ಚಿಕಿತ್ಸೆಗೆ, ತುರ್ತಿಗೆ ಆಸ್ಪತ್ರೆಗೆ, ಊರಿಗೆ ವಾಪಸು ಕಳಿಸುವುದಕ್ಕೆ, ಸತ್ತರೆ ದೇಹ ತರುವುದಕ್ಕೆ ಕನಿಷ್ಠ 30,000 ಯೂರೋ ಕವರ್ ಇರಬೇಕು. ವಿಮಾನ ತಡವಾದರೆ, ಬ್ಯಾಗು ಕಳೆದರೆ ಏನು ಅಂತ ವೀಸಾ ಕೊಡುವವರು ಕೇಳುವುದಿಲ್ಲ. ಹಾಗಾಗಿ ವೀಸಾಕ್ಕೆ ಸಾಕಾಗುವಷ್ಟನ್ನೇ ಕಮ್ಮಿ ಪ್ರೀಮಿಯಮ್ಮಿಗೆ ಮಾರುವುದು ನಡೆದೇ ಇದೆ. ಮೇಲಾಗಿ ಮೇಷ್ಟ್ರ ಪಾಲಿಸಿ ಷೆಂಗೆನ್ ದೇಶಗಳಿಗೆ ಮಾತ್ರ ಅಂತ ಬರೆದಿತ್ತು. ನಾವು ಕೂತಿದ್ದ ದುಬೈ ಅದರ ಗಡಿಯೊಳಗೇ ಬರುವುದಿಲ್ಲ. ಹಾಗೆ ಹೇಳುವಾಗ ನನಗೆ ಸಂಕಟವಾಯಿತು. ಮೇಷ್ಟ್ರು ಕಾಗದವನ್ನು ಮತ್ತೆ ಅದೇ ಮಡಿಕೆಗೆ ಮಡಿಸಿದರು. ‘ಹಂಗಾರೆ ಮಾರಿದವನು ಒಂದು ಮಾತು ಹೇಳಬೇಕಿತ್ತು’ ಅಂದರು. ಹೇಳಲೇಬೇಕಿತ್ತು. ಅರವತ್ತೈದು ದಾಟಿದವರು ಮೊದಲ ಸಲ ದೇಶ ಬಿಟ್ಟು ಹೊರಡುವಾಗ ಈ ಕಾಗದ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಅಂತ ಐದು ನಿಮಿಷ ಕೂರಿಸಿ ಹೇಳುವುದು ಮಾರುವವರ ಕೆಲಸ. ಈ ಮಾತನ್ನು ನಾನು ಕೆಲಸದಲ್ಲಿದ್ದಾಗಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ.

ನಮ್ಮ ಪಾಲಿಸಿಯಲ್ಲಿ ಡಿಲೇ ಕವರ್ ಇತ್ತು. ಅದನ್ನೂ ಎಲ್ಲರಿಗೆ ಕೇಳುವಂತೆ ಓದಿದೆ. ಮೊದಲ 12 ಗಂಟೆ ಲೆಕ್ಕಕ್ಕಿಲ್ಲ. ಅದು ನಾವೇ ಹೊರಬೇಕಾದ ಪಾಲು, ಡಿಡಕ್ಟಿಬಲ್. ಅದಾದ ಮೇಲೆ ತುಂಬಿದ ಪ್ರತಿ 12 ಗಂಟೆಗೆ 20 ಡಾಲರ್, ಹೆಚ್ಚೆಂದರೆ 120. ಕೆಲವು ಪಾಲಿಸಿಗಳಲ್ಲಿ 12ರ ಬದಲು ಆರು ಗಂಟೆ, ಕೆಲವದರಲ್ಲಿ ನಾಲ್ಕು. ಮಂಗಳೂರಿನ ಆಕೆ ‘ಇಪ್ಪತ್ತು ಡಾಲರಾ? ಇಲ್ಲಿ ಒಂದು ಹೊತ್ತಿನ ಊಟಕ್ಕೆ ಸರಿಯಾಗ್ತದೆ ಮಾರಾಯ್ರೆ’ ಅಂದರು. ನಿಜ. ಡಿಲೇ ಕವರ್ ತಡವಾದ್ದರಿಂದ ಆದ ನಷ್ಟವನ್ನು ತುಂಬಿಕೊಡಲು ಮಾಡಿದ್ದಲ್ಲ. ಕಾದ ಹೊತ್ತಿನ ಕೈಖರ್ಚಿಗೆ ಮಾಡಿದ್ದು. ಯಾಕೆ ಇಷ್ಟು ಕಮ್ಮಿ ಎನ್ನುವುದಕ್ಕೂ ಕಾರಣವಿದೆ. ಹೃದಯಾಘಾತ ಒಂದು ವಿಮಾನದಲ್ಲಿ ಒಬ್ಬರಿಗೆ ಆಗಬಹುದು. ಮಳೆ ಬಂದರೆ ವಿಮಾನ ತಡವಾಗುವುದು ಎಲ್ಲರಿಗೂ ಒಂದೇ ಸಲಕ್ಕೆ. ಸಾವಿರಾರು ಕ್ಲೇಮು ಒಂದೇ ದಿನ ಬಂದು ಬೀಳುವಂಥ ಅಪಾಯಕ್ಕೆ ಕಂಪನಿಗಳು ಮಿತಿ ಹಾಕಿಕೊಳ್ಳುತ್ತವೆ. ಆ ಮಿತಿ ಹಾಕುವುದು ತಪ್ಪಲ್ಲ. ಅದನ್ನು ದೊಡ್ಡ ಅಕ್ಷರದಲ್ಲಿ ಹೇಳದೆ ‘ಡಿಲೇ ಕವರ್ ಉಂಟು’ ಅಂತ ಮಾತ್ರ ಮಾರುವುದು ತಪ್ಪು.

ಹುಬ್ಬಳ್ಳಿಯ ಹುಡುಗ ಫೋನು ಹಿಡಿದು ಕೇಳಿದ: ‘ಅಕ್ಕಾ, ನಂದು ಪಾಲಿಸಿನ ಇಲ್ರಿ. ಈಗ ಇಲ್ಲೇ ಕುಂತು ಒಂದ್ ತಗೊಂಡ್ರ ನಡೀತೈತೇನ್ರಿ?’ ನಡೆಯುವುದಿಲ್ಲಪ್ಪ ಅಂದೆ. ಭಾರತದ ಪಾಲಿಸಿಗಳನ್ನು ದೇಶ ಬಿಡುವ ಮೊದಲೇ ತೆಗೆದುಕೊಳ್ಳಬೇಕು. ಹಾಗಿಲ್ಲದಿದ್ದರೂ, ಆಗಲೇ ಆಗಿಹೋದದ್ದಕ್ಕೆ, ಎಲ್ಲರಿಗೂ ಗೊತ್ತಿರುವ ಪ್ರವಾಹಕ್ಕೆ ಯಾವ ಕಂಪನಿಯೂ ವಿಮೆ ಕೊಡುವುದಿಲ್ಲ. ಅವನು ಮರುಮಾತಾಡದೆ ಫೋನು ಜೇಬಿಗಿಟ್ಟ. ಆ ಹುಡುಗನೇ ಆಮೇಲೆ ಎಲ್ಲರ ಪರವಾಗಿ ಕೌಂಟರಿನ ಸಾಲಿನಲ್ಲಿ ಗಂಟೆಗಟ್ಟಲೆ ನಿಂತ. ಅವನ ಉಪಕಾರ ಮರೆಯುವಂಥದ್ದಲ್ಲ.

ಮಂಗಳೂರಿನವರದು ಇನ್ನೊಂದು ಥರ. ಬೆಂಗಳೂರಿನಿಂದ ದುಬೈಗೆ ಒಂದು ಕಂಪನಿಯ ಟಿಕೆಟ್, ದುಬೈಯಿಂದ ಮುಂದಕ್ಕೆ ಬೇರೆ ಕಂಪನಿಯದು, ಬೇರೆ ಬುಕಿಂಗ್. ಕಮ್ಮಿಯಾಗುತ್ತದೆ ಅಂತ ಹಾಗೆ ಮಾಡುವವರು ಬಹಳ. ಅವರ ಪಾಲಿಸಿಯಲ್ಲಿ ಕನೆಕ್ಷನ್ ತಪ್ಪಿದರೆ ಹಣ ಉಂಟು ಅಂತ ಇತ್ತು, ಆದರೆ ಎರಡೂ ವಿಮಾನ ಒಂದೇ ಬುಕಿಂಗಿನಲ್ಲಿರಬೇಕು ಎಂಬ ಷರತ್ತಿನ ಮೇಲೆ. ‘ಹಾಗಾದ್ರೆ ಏರ್‌ಲೈನಿನವ್ರಾದ್ರೂ ಕೊಡ್ಬೇಕಲ್ವಾ?’ ಅಂತ ಗಂಡ ಕೇಳಿದರು. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ, ಭಾರತ 2009ರಲ್ಲಿ ಅದಕ್ಕೆ ಸೇರಿದೆ. ತಡವಾದ್ದರಿಂದ ಆದ ನಷ್ಟಕ್ಕೆ ವಿಮಾನ ಕಂಪನಿಯೇ ಹೊಣೆ ಅಂತ ಅದರ 19ನೇ ವಿಧಿ ಹೇಳುತ್ತದೆ. ಅದೇ ವಿಧಿಯ ಮುಂದಿನ ಸಾಲು, ಮಾಡಬಹುದಾದ್ದನ್ನೆಲ್ಲ ಮಾಡಿದ್ದೇವೆ ಅಥವಾ ಮಾಡಲು ಸಾಧ್ಯವೇ ಇರಲಿಲ್ಲ ಅಂತ ಕಂಪನಿ ತೋರಿಸಿದರೆ ಹೊಣೆಯಿಲ್ಲ ಅನ್ನುತ್ತದೆ. ಹೊರಗೆ ನಿಂತ ನೀರು ನೋಡಿ ಅವರೇ ಸುಮ್ಮನಾದರು.

ಆಗ ನಾನು ಐಸ್‌ಲ್ಯಾಂಡಿನ ಬೂದಿಯ ಕಥೆ ಹೇಳಿದೆ. 2010ರ ಏಪ್ರಿಲ್‌ನಲ್ಲಿ ಅಲ್ಲಿನ ಎಯಾಫ್ಯಾಲಯೋಕುಲ್ ಎಂಬ ಹಿಮದ ಕೆಳಗಿನ ಜ್ವಾಲಾಮುಖಿ ಬಾಯ್ದೆರೆದು ಯುರೋಪಿನ ಆಕಾಶ ಸುಮಾರು ಒಂದು ವಾರ ಮುಚ್ಚಿತ್ತು. ಒಂದು ಲಕ್ಷದಷ್ಟು ವಿಮಾನಗಳು ಹಾರಲಿಲ್ಲ. ಬ್ರಿಟನ್ನಿನಲ್ಲಿ ಎಷ್ಟೋ ಪಾಲಿಸಿಗಳಲ್ಲಿ ‘ಕೆಟ್ಟ ಹವಾಮಾನ’ದಿಂದ ತಡವಾದರೆ ಹಣ ಅಂತಿತ್ತು. ಬೂದಿಯ ಮೋಡ ಹವಾಮಾನವೋ ಅಲ್ಲವೋ ಅಂತಲೇ ದೊಡ್ಡ ಜಗಳವಾಯಿತು. ನಮ್ಮ ಆಫೀಸಿನಲ್ಲೂ ಆಗ ಅದೇ ಚರ್ಚೆ. ಡಿಲೇ ಕವರ್ ಇದೆ ಅಂದರೆ ಸಾಲದು, ಯಾವ ಯಾವ ಕಾರಣಕ್ಕೆ ತಡವಾದರೆ ಅಂತ ಪಟ್ಟಿ ಇರುತ್ತದೆ, ಆ ಪಟ್ಟಿಯಲ್ಲಿ ನಮ್ಮ ಕಾರಣ ಇರಬೇಕು ಅಂತ ನನಗೆ ನಾಟಿದ್ದು ಆ ವರ್ಷ. ದುಬೈಯ ಮಳೆಗೆ ಆ ತೊಂದರೆಯಿರಲಿಲ್ಲ. ಮಳೆ ಹವಾಮಾನವೇ.

ಅಮ್ಮನ ಮಾತ್ರೆಯ ವಿಷಯ ಮಾತ್ರ ನನಗೆ ನಿಜವಾಗಿ ದಿಗಿಲು ಹುಟ್ಟಿಸಿತು. ದಾರಿಗೆ ಬೇಕಾದಷ್ಟು ಬಿಪಿ ಮಾತ್ರೆ ಕೈಚೀಲದಲ್ಲಿತ್ತು. ಉಳಿದದ್ದು ದೊಡ್ಡ ಬ್ಯಾಗಿನಲ್ಲಿ. ಆ ಬ್ಯಾಗು ಏರ್‌ಪೋರ್ಟಿನ ಹೊಟ್ಟೆಯೊಳಗೆ ಎಲ್ಲೋ ಇತ್ತು. 17ರ ರಾತ್ರಿ ಹತ್ತು ಮಾತ್ರೆಯ ಹಾಳೆಯಲ್ಲಿ ಕೊನೆಯದನ್ನು ಒತ್ತಿ ತೆಗೆದು ನುಂಗಿ, ಬರಿದಾದ ಬೆಳ್ಳಿ ಹಾಳೆಯನ್ನು ಅಮ್ಮ ನನ್ನ ಕೈಗೆ ಕೊಟ್ಟರು, ಹೆಸರು ನೋಡಿ ತರಲಿ ಅಂತ. ಟರ್ಮಿನಲ್ಲಿನ ಔಷಧಿ ಅಂಗಡಿಯ ಮಲಯಾಳಿ ಫಾರ್ಮಸಿಸ್ಟ್ ಹಾಳೆಯ ಹಿಂದಿನ ಸಣ್ಣ ಅಕ್ಷರ ಓದಿ, ಅದೇ ಔಷಧಿಯ ಬೇರೆ ಹೆಸರಿನ ಮಾತ್ರೆ ಕೊಟ್ಟ. ಆ ಬಿಲ್ಲನ್ನು ಜೋಪಾನ ಮಾಡಿದೆನಾದರೂ ಪಾಲಿಸಿಯ ಯಾವ ಪುಟದಲ್ಲೂ ಅದಕ್ಕೆ ಜಾಗವಿರಲಿಲ್ಲ. ಬ್ಯಾಗು ತಡವಾದರೆ ಕೊಡುವ ಹಣದ ಗಂಟೆ ಎಣಿಸುವುದು ಫ್ರಾಂಕ್‌ಫರ್ಟಿನಲ್ಲಿ ಇಳಿದ ಮೇಲೆ. ಬಿಪಿ ಮೊದಲಿನಿಂದ ಇರುವ ಕಾಯಿಲೆ, ಆದ್ದರಿಂದ ಮೆಡಿಕಲ್ ಕವರಿನ ಹೊರಗೆ. ಇನ್ನು ಡಿಲೇ ಕವರ್ ಗಂಟೆಗಿಷ್ಟು ಅಂತ ಕೊಡುವುದೇ ಹೊರತು ಬಿಲ್ಲು ಕೇಳುವುದೇ ಇಲ್ಲ. ಪಾಲಿಸಿ ಬರೆದವರ ಕಡೆಯಿಂದ ನೋಡಿದರೆ ಮೂರೂ ಸರಿ. ಎಪ್ಪತ್ತು ದಾಟಿದ ಹೆಂಗಸಿಗೆ ಮಾರನೆಯ ದಿನಕ್ಕೆ ಬೇಕಾಗಿದ್ದು ಒಂದು ಮಾತ್ರೆ.

18ರ ರಾತ್ರಿ ವಿಮಾನ ಸಿಕ್ಕಿತು. ಹೊರಡುವ ಮೊದಲು ನಾನೂ ಹುಬ್ಬಳ್ಳಿಯ ಹುಡುಗನೂ ಕೌಂಟರಿನಲ್ಲಿ ಒಂದು ಕಾಗದಕ್ಕಾಗಿ ಹಟ ಹಿಡಿದೆವು: ಯಾವ ವಿಮಾನ, ಎಷ್ಟು ಹೊತ್ತಿಗೆ ಹೊರಡಬೇಕಿತ್ತು, ಯಾವ ಕಾರಣಕ್ಕೆ ಹೊರಡಲಿಲ್ಲ, ಯಾವುದರಲ್ಲಿ ಕಳಿಸಿದಿರಿ ಅಂತ ಕಂಪನಿಯ ಬರಹ. ಅದಿಲ್ಲದೆ ಡಿಲೇ ಕ್ಲೇಮ್ ಮುಂದೆ ಹೋಗುವುದಿಲ್ಲ. ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿದ್ದ ಕೌಂಟರಿನ ಹುಡುಗಿ, ಈಗ ಆಗುವುದಿಲ್ಲ, ಈಮೇಲಿನಲ್ಲಿ ಕೇಳಿ, ಬರುತ್ತದೆ ಅಂದಳು. ಬಂತು. ಎರಡೂ ಬೋರ್ಡಿಂಗ್ ಪಾಸು, ಪಾಸ್‌ಪೋರ್ಟಿನ ಸೀಲು ಬಿದ್ದ ಪುಟ, ಆ ಕಾಗದ, ಎಲ್ಲ ಸೇರಿಸಿ ತಂಗಿಯ ಮನೆಯಿಂದಲೇ ಕ್ಲೇಮ್ ಹಾಕಿದೆ.

ತಂಗಿಯ ಮನೆಯಲ್ಲಿ ಹನ್ನೊಂದನೆಯ ದಿನದ ನಾಮಕರಣ ನಮ್ಮನ್ನು ಬಿಟ್ಟೇ ಮುಗಿದಿತ್ತು. ಅಮ್ಮ ಅದಕ್ಕೆ ಅತ್ತರು. ಪುಣ್ಯಕ್ಕೆ ಜರ್ಮನಿಯಲ್ಲಿ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡುವ ಪದ್ಧತಿಯಿದೆ, ಅದರ ಖರ್ಚನ್ನು ಅಲ್ಲಿನ ಆರೋಗ್ಯ ವಿಮೆಯೇ ಕೊಡುತ್ತದೆ. ಆಕೆ ದಿನಾ ಬಂದು ಹೊಲಿಗೆ ನೋಡಿ, ಮಗುವಿನ ತೂಕ ನೋಡಿ ಹೋಗುತ್ತಿದ್ದಳು.

ಇನ್ಶೂರೆನ್ಸ್ ಕಂಪನಿಯ ಮೊದಲ ಉತ್ತರ ‘ಇಲ್ಲ’ ಅಂತ. ನಿಮ್ಮ ವಿಮಾನ ರದ್ದಾಗಿದೆ, ತಡವಾಗಿಲ್ಲ, ಡಿಲೇ ಕವರ್ ಅನ್ವಯಿಸುವುದಿಲ್ಲ ಅಂತ ಬರೆದಿದ್ದರು. ಇಲ್ಲಿ ನನ್ನ ಹಳೆಯ ಕಸುಬು ಕೆಲಸಕ್ಕೆ ಬಂತು. ಪಾಲಿಸಿಯ ಹಿಂದಿನ ಪುಟಗಳಲ್ಲಿ ‘ಡಿಲೇ’ ಅಂದರೆ ಏನು ಅಂತ ಬರೆದಿರುತ್ತದೆ. ರದ್ದಾದ ವಿಮಾನದ ಬದಲಿಗೆ ಕಂಪನಿ ಕೊಟ್ಟ ಮೊದಲ ವಿಮಾನ ಹೊರಡುವವರೆಗಿನ ಹೊತ್ತೂ ಸೇರುತ್ತದೆ ಅಂತ ಅಲ್ಲಿ ಸ್ಪಷ್ಟವಾಗಿತ್ತು. ಆ ಸಾಲಿನ ನಂಬರ್ ಹಾಕಿ ಕುಂದುಕೊರತೆ ಅಧಿಕಾರಿಗೆ ಬರೆದೆ. ಒಂದು ತಿಂಗಳೊಳಗೆ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುವುದು ಅಂತಲೂ ಬರೆದೆ. ಅಲ್ಲಿಗೆ ಹೋಗಲು ವಕೀಲರೂ ಬೇಡ, ಫೀಸೂ ಇಲ್ಲ. ಹೋಗುವ ಪ್ರಸಂಗ ಬರಲಿಲ್ಲ. 16ರ ಮೂರು ಗಂಟೆಯಿಂದ 18ರ ರಾತ್ರಿಯವರೆಗೆ ಲೆಕ್ಕ ಹಾಕಿ, ಮೊದಲ 12 ಗಂಟೆ ಕಳೆದು, ಅಪೂರ್ಣವಾಗಿ ಉಳಿದ ಗಂಟೆಗಳನ್ನು ಬಿಟ್ಟು, ತಲೆಗೆ 60 ಡಾಲರ್ ಕೊಟ್ಟರು. ಸುಮಾರು ಐದು ಸಾವಿರ ರೂಪಾಯಿ. ಕೊಡಬೇಕಾದ್ದನ್ನು ಕೊಟ್ಟರು.

ಜುಲೈನಲ್ಲಿ ವಾಪಸು ಬರುವಾಗ ಫ್ರಾಂಕ್‌ಫರ್ಟಿನಲ್ಲೇ ವಿಮಾನಕ್ಕೆ ಏನೋ ರಿಪೇರಿ. ದುಬೈಯ ಕನೆಕ್ಷನ್ ತಪ್ಪಿ ಬೆಂಗಳೂರು ಮುಟ್ಟುವಾಗ ಐದು ಗಂಟೆಗೂ ಹೆಚ್ಚು ತಡ. ‘ಈ ಸಲಾನೂ ಇನ್ಶೂರೆನ್ಸಿಗೆ ಬರೀತೀಯೇನೇ?’ ಅಂತ ಅಮ್ಮ ಕೇಳಿದರು. ಹನ್ನೆರಡು ಗಂಟೆ ಆಗಿಲ್ಲವಲ್ಲ, ಅಲ್ಲಿ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಆದರೆ ಯುರೋಪಿನ ನೆಲದಿಂದ ಹೊರಡುವ ಯಾವ ದೇಶದ ವಿಮಾನಕ್ಕೂ ಅಲ್ಲಿನ 261/2004ನೇ ನಿಯಮ ತಗಲುತ್ತದೆ. 3,500 ಕಿಲೋಮೀಟರಿಗಿಂತ ದೂರದ ಪ್ರಯಾಣದಲ್ಲಿ ಒಂದೇ ಬುಕಿಂಗಿನಲ್ಲಿ ಕೊನೆಯ ಊರು ಮುಟ್ಟುವಾಗ ನಾಲ್ಕು ಗಂಟೆ ಮೀರಿ ತಡವಾದರೆ ತಲೆಗೆ 600 ಯೂರೋ. ಮಳೆ, ಬೂದಿಯಂಥದ್ದಾದರೆ ಈ ಪರಿಹಾರ ಇಲ್ಲ, ಆಗಲೂ ಊಟ, ವಸತಿ ಕೊಡಲೇಬೇಕು. ಬೂದಿಯ ವಾರದಲ್ಲಿ ಸಿಕ್ಕಿಬಿದ್ದ ಒಬ್ಬ ಐರಿಷ್ ಪ್ರಯಾಣಿಕೆ ತನ್ನ ಊಟ ವಸತಿಯ 1,100 ಯೂರೋ ಮೀರಿದ ಖರ್ಚಿಗಾಗಿ ಹೋರಾಡಿ, 2013ರ ಜನವರಿಯಲ್ಲಿ ಯುರೋಪಿನ ನ್ಯಾಯಾಲಯದಿಂದ ಹಾಗೆ ಹೇಳಿಸಿದ್ದಳು. ನಮ್ಮದು ಯಂತ್ರದ ಸಾಮಾನ್ಯ ರಿಪೇರಿ, ಅದಕ್ಕೆ ವಿನಾಯಿತಿಯಿಲ್ಲ. ವಿಮಾನ ಕಂಪನಿಗೆ ಬರೆದೆವು, ಒಂದು ನೆನಪೋಲೆಯ ಮೇಲೆ ಕೊಟ್ಟರು. ಒಬ್ಬೊಬ್ಬರಿಗೆ ಐವತ್ತು ಸಾವಿರ ರೂಪಾಯಿ ದಾಟಿತು.

ಹಣ ಬಂದದ್ದು ಆಮೇಲಿನ ಮಾತು. ಊರು ಮುಟ್ಟಿದ ಮರುದಿನವೇ ನಾನು ಆಮ್‌ಸ್ಟರ್‌ಡ್ಯಾಮಿಗೆ ಫೋನ್ ಮಾಡಿದ್ದೆ. ಮೇಷ್ಟ್ರ ವೀಸಾ ಮುಗಿಯುತ್ತ ಬಂದಿತ್ತು, ಆ ವಾರವೇ ಹೊರಡುವವರಿದ್ದರು. ಅವರ ಪಾಲಿಸಿಯಲ್ಲಿ ಡಿಲೇ ಪುಟವೇ ಇಲ್ಲ ನಿಜ, ಆದರೆ ಈ ನಿಯಮಕ್ಕೆ ಪಾಲಿಸಿಯೇ ಬೇಕಿಲ್ಲ, ಆಮ್‌ಸ್ಟರ್‌ಡ್ಯಾಮಿನಿಂದ ಹತ್ತಿದರೆ ಸಾಕು ಅಂದೆ.

‘ತಡಿಯಮ್ಮ, ಬರ್ಕಂತೀನಿ’ ಅಂದರು ಮೇಷ್ಟ್ರು. ಪೆನ್ನು ಹುಡುಕಲು ಮನೆಯವರನ್ನು ಕೂಗಿದ್ದು ಕೇಳಿಸಿತು. ‘ಹೂಂ, ಈಗ ಹೇಳು. ಇನ್ನೂರ ಎಷ್ಟು ಅಂದೆ?’

‘ಇನ್ನೂರ ಅರವತ್ತೊಂದು, ಮೇಷ್ಟ್ರೇ. ನಾಲ್ಕು ಗಂಟೆ ಮೀರಿತು ಅಂದ್ರೆ ಕೌಂಟರಿನಲ್ಲಿ ಕಾಗದ ಕೇಳಿ. ಟೈಮೂ ಕಾರಣವೂ ಇರಲಿ ಅದರಲ್ಲಿ.’